ಕೊಳಗ ಬುಟ್ಟಿಯಾದ ಕಥೆ

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕಿನ ಗೇಣಿದಾರರು ಒಡೆಯರ ವಿರುದ್ಧ ಕಾಗೋಡು ಸತ್ಯಾಗ್ರಹ ನಡೆಸಿದ 1951ರಲ್ಲಿ ನನ್ನ ತಂದೆಗೆ ಹತ್ತೊಂಬತ್ತು ವರ್ಷ. ಹೋರಾಟದ ಮುಂದಾಳು ಗಣಪತಿಯಪ್ಪನವರ ಹಿಂದೆ ನೇಗಿಲು ಹೊತ್ತು ಗದ್ದೆಗಿಳಿದು, ಜೈಲಿಗೂ ಹೋಗಿ ಬಂದವರು. ಎಂಟು ವರ್ಷಗಳ ಹಿಂದೆ, ಹೊರದೇಶದಲ್ಲಿ ರಾಜ್ಯಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಯುವಕನೊಬ್ಬ ನಮ್ಮ ಮನೆಗೆ ಬಂದ. ಮೂರು ದಿನ ಜಗಲಿಯಲ್ಲಿ ಕುಳಿತು ಅಪ್ಪನ ಮಾತನ್ನೆಲ್ಲ ಮೊಬೈಲಿಗೆ ತುಂಬಿಸಿಕೊಂಡ. ಒಳ್ಳೆಯ ಹುಡುಗ, ಅಪ್ಪನ ಕಿವಿ ಮಂದವಾಗಿದ್ದರೂ ಬೇಸರಿಸದೆ ಕೇಳಿದ್ದನ್ನೇ ಕೇಳಿದ. ಅಪ್ಪ ಅಟ್ಟದ ಮೇಲಿದ್ದ ಹಳೆಯ ಕೊಳಗವನ್ನೂ ಇಳಿಸಿ ತೋರಿಸಿದ್ದರು. ಅವರು ಈಗಿಲ್ಲ.

ಕಳೆದ ಮಳೆಗಾಲದಲ್ಲಿ ಆತನ ಲೇಖನ ಯಾವುದೋ ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆಯಲ್ಲಿ ಬಂದಿದೆಯೆಂದು ಮಗಳು ಹುಡುಕಿ ಹೇಳಿದಳು. ತೆರೆದರೆ ಹತ್ತು ಸಾಲಿನ ಸಾರಾಂಶ ಮಾತ್ರ. ಉಳಿದದ್ದನ್ನು ಒಂದು ದಿನದ ಮಟ್ಟಿಗೆ ಓದಲು ಮೂರು ಸಾವಿರ ರೂಪಾಯಿಗೂ ಮೇಲೆ! ಆ ದುಡ್ಡಿಗೆ ಸಾಗರದ ಅಂಗಡಿಯಲ್ಲಿ ಹತ್ತು ಕನ್ನಡ ಪುಸ್ತಕ ಬರುತ್ತವೆ. ಮೊಮ್ಮಕ್ಕಳ ಕಾಲಕ್ಕೂ ಮನೆಯಲ್ಲಿರುತ್ತವೆ. ಇಂಥ ಲೇಖನ ಬರೆದವರಿಗೆ ಪ್ರಕಾಶಕರು ಸಂಭಾವನೆ ಕೊಡುವ ರೂಢಿಯಿಲ್ಲ, ಅದನ್ನು ಪರಿಶೀಲಿಸುವ ಪ್ರಾಧ್ಯಾಪಕರಿಗೂ ಸಾಮಾನ್ಯವಾಗಿ ಬಿಡಿಗಾಸಿಲ್ಲವಂತೆ. ಅಡಿಕೆ ಮಂಡಿಯ ಲೆಕ್ಕವಾದರೂ ನನಗೆ ಅರ್ಥವಾಗುತ್ತದೆ, ಈ ವ್ಯಾಪಾರದ ಲೆಕ್ಕ ಹತ್ತುವುದಿಲ್ಲ.

ಕೊನೆಗೆ ಲೇಖಕನಿಗೇ ಇಮೇಲ್ ಬರೆದೆ. ಎರಡೇ ದಿನದಲ್ಲಿ ಕಳಿಸಿದ. ಇಂಗ್ಲಿಷ್ ಕಬ್ಬಿಣದ ಕಡಲೆಯಾದರೂ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ನಾಲ್ಕನೆಯ ಪುಟದಲ್ಲಿ ಕೊಳಗ ಎಂದರೆ ಬುಟ್ಟಿ ಎಂಬ ವಿವರಣೆಯಿದೆ! ಇದು ಸಣ್ಣ ತಪ್ಪಲ್ಲ. ಕೊಳಗ ಭತ್ತ ಅಳೆಯುವ ಮಾಪು. ಗೇಣಿ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಇಡುತ್ತಾರೆ ಎಂಬುದರಿಂದಲೇ ಜಗಳ ಹೊತ್ತಿಕೊಂಡಿದ್ದು. ಎಷ್ಟು ಕೊಳಗ ಎಂಬುದಕ್ಕಲ್ಲ, ಯಾವ ಕೊಳಗ ಎಂಬುದಕ್ಕೆ ನಾವು ಹೊಡೆದಾಡಿದ್ದು ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಲೇಖನದಲ್ಲಿ ನೋಡಿದರೆ ಬುಟ್ಟಿಗಳ ಸಂಖ್ಯೆಯ ಮೇಲೆ ಎರಡು ಪುಟದ ವಾದ ನಿಂತಿದೆ. ಅದನ್ನು ಒಪ್ಪಿ ಅಚ್ಚಿಗೆ ಕಳಿಸಿದ ವಿದ್ವಾಂಸರಿಗೆ ಗೊತ್ತಾಗದ್ದನ್ನು ಕಾಗೋಡಿನ ಯಾವ ಅಜ್ಜಿಯಾದರೂ ಕುಳಿತಲ್ಲೇ ತಿದ್ದುತ್ತಿದ್ದಳು. ಓದಲು ಸಿಕ್ಕಿದ್ದರೆ ತಾನೆ?

ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2025ರಿಂದ ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿ ಕೊಟ್ಟಿದೆ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವ ಹಳ್ಳಿ ಮಕ್ಕಳಿಗೆ ಇದರಿಂದ ಉಪಕಾರವಾಗುತ್ತದೆ, ಸಂತೋಷ. ಆದರೆ ಕಾಲೇಜಿನ ಗೇಟಿನ ಹೊರಗಿರುವ ನನ್ನಂಥವರು ಏನು ಮಾಡಬೇಕು? ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೆಂದು ಶೇ 6ರಷ್ಟು ಕಟ್ಟುತ್ತಲೇ ಬಂದಿದ್ದೇವೆ. ಶಿವಮೊಗ್ಗ ಮತ್ತು ಸಾಗರದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದೊಂದು ಕಂಪ್ಯೂಟರಿಗಾದರೂ ಈ ಚಂದಾ ದೊರಕಿಸಿಕೊಡಬೇಕು. ಚುನಾಯಿತ ಪ್ರತಿನಿಧಿಗಳು ದೆಹಲಿಯಲ್ಲಿ ಕೇಳಲಿ.

ಓದಲು ಸಿಕ್ಕರೂ ಇಂಗ್ಲಿಷಿನಲ್ಲಿದ್ದರೆ ಎಷ್ಟು ಜನರಿಗೆ ದಕ್ಕೀತು ಎಂಬುದು ಬೇರೆ ಮಾತು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ವಿಷಯ ಸಂಗ್ರಹಿಸುವ ಸಂಶೋಧಕರಿಂದ ನಾಲ್ಕು ಪುಟದ ಕನ್ನಡ ಸಾರಾಂಶ ಬರೆಸಿ, ಅದನ್ನು ಆ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಕಳಿಸುವ ಪದ್ಧತಿಯನ್ನು ನಮ್ಮ ವಿಶ್ವವಿದ್ಯಾಲಯಗಳಾದರೂ ಶುರು ಮಾಡಬಹುದು. ಗಂಭೀರ ಬರಹಕ್ಕೆ ಹಳ್ಳಿಯಲ್ಲಿ ಓದುಗರೆಲ್ಲಿ ಎನ್ನುವವರು ಒಮ್ಮೆ ಹೆಗ್ಗೋಡಿಗೆ ಬಂದು ಹೋಗಲಿ. ಅಕ್ಷರ ಪ್ರಕಾಶನ ದಶಕಗಳಿಂದ ಅಲ್ಲಿಂದಲೇ ಪುಸ್ತಕ ತರುತ್ತಿದೆ.

ಆ ಹುಡುಗನಿಗೆ ತಿದ್ದುಪಡಿ ಬರೆದು ಕಳಿಸಿದ್ದೇನೆ, ಜೊತೆಗೊಂದು ಫೋಟೊ. ಅಂಗಳದಲ್ಲಿ ಅಪ್ಪನ ಕೊಳಗ, ಅದರ ಪಕ್ಕದಲ್ಲಿ ಅಡಿಕೆ ಹೆಕ್ಕುವ ಬುಟ್ಟಿ.

– ನಿವೃತ್ತ ಪ್ರೌಢಶಾಲಾ ಶಿಕ್ಷಕ, ಸಾಗರ ತಾಲ್ಲೂಕು