ಡಬ್ಬಿಯೊಳಗೆ ಕನ್ನಡಕವಿಟ್ಟು ಹೋದವರಿಗೆ

ಮ್ಯಾಸಚೂಸೆಟ್ಸ್‌ನ ನಮ್ಮ ಪುಟ್ಟ ಊರು ಕಾಂಕರ್ಡ್‌ನಲ್ಲಿ, ಕಳೆದುಹೋಗಿದ್ದ ನಮ್ಮ ಮಗಳ ಕನ್ನಡಕವನ್ನು ಜಿಯೋಕ್ಯಾಶಿಂಗ್ (ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕಿ, ಅದರೊಳಗಿನ ಪುಸ್ತಕದಲ್ಲಿ ದಾಖಲಿಸುವ ಆಟ) ಡಬ್ಬಿಯೊಳಗೆ ಜೋಪಾನವಾಗಿಟ್ಟು ಹೋದ ಅಪರಿಚಿತರಿಗೆ ನಮ್ಮ ಮನೆಮಂದಿಯೆಲ್ಲರ ಹೃತ್ಪೂರ್ವಕ ಧನ್ಯವಾದಗಳು.

ಅಕ್ಟೋಬರಿನ ಆ ಶನಿವಾರ, 1775ರ ಏಪ್ರಿಲ್ 19ರಂದು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಳಗ ನಡೆದ ಓಲ್ಡ್ ನಾರ್ತ್ ಬ್ರಿಡ್ಜ್ ಸೇತುವೆಯನ್ನು ನೋಡಿಕೊಂಡು, ಮೇಪಲ್ ಎಲೆಗಳು ಪಾದ ಮುಳುಗುವಷ್ಟು ಉದುರಿದ್ದ ಊರಂಚಿನ ಕಾಲುದಾರಿಯಲ್ಲಿ ನಾವು ಡಬ್ಬಿಯನ್ನು ಹುಡುಕುತ್ತಾ ಹೊರಟಿದ್ದೆವು. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ ಕೊನೆಯ ಹುಡುಕಾಟವನ್ನು ಕೈಯಿಂದಲೇ ಮಾಡಬೇಕಾಗುತ್ತದೆ. ಮಕ್ಕಳಿಗೆ ಅದೇ ಹೆಚ್ಚು ಇಷ್ಟ. ಹಳೆಯ ಕಲ್ಲುಗೋಡೆಯ ಬುಡದಲ್ಲಿ ಎಲೆ ಕೆದಕುವಾಗ ಮಗಳು ಜೇಬಿಗಿಟ್ಟಿದ್ದ ಕನ್ನಡಕ ಜಾರಿದ್ದು ಮನೆಗೆ ಬಂದ ಮೇಲೆಯೇ ತಿಳಿಯಿತು. ಅದರ ಕೆಂಗಂದು ಚೌಕಟ್ಟಿಗೂ ಆ ಎಲೆಗಳಿಗೂ ಒಂದೇ ಬಣ್ಣವಾದ್ದರಿಂದ ಆಸೆಯನ್ನೇ ಬಿಟ್ಟಿದ್ದೆವು.

ಮರುದಿನ ಡಬ್ಬಿ ತೆರೆದಾಗ, ಗಾಜು ಒರೆಸಿ, ನೀಲಿ ಅಂಚಿನ ಕರವಸ್ತ್ರದಲ್ಲಿ ಸುತ್ತಿದ್ದ ಕನ್ನಡಕವು ದಾಖಲೆ ಪುಸ್ತಕದ ಮೇಲಿತ್ತು. ಪುಟದಲ್ಲಿ ತಾರೀಖು ಮಾತ್ರವಿತ್ತು, ಹೆಸರಿರಲಿಲ್ಲ. ಡಬ್ಬಿಯನ್ನು ಯಾರ ಕಣ್ಣಿಗೂ ಬೀಳದಂತೆ ಮೊದಲಿನ ಕಲ್ಲಿನಡಿಯೇ ಇಟ್ಟಿದ್ದ ನಿಮ್ಮ ಅಚ್ಚುಕಟ್ಟುತನಕ್ಕೂ ನಾವು ಋಣಿಗಳು.

ಕರವಸ್ತ್ರವನ್ನು ಒಗೆದು, ಇಸ್ತ್ರಿ ಮಾಡಿ ಅದೇ ಡಬ್ಬಿಯಲ್ಲಿಟ್ಟಿದ್ದೇವೆ. ಜೊತೆಗೆ ಮಗಳು ಬಿಡಿಸಿದ ಚಿತ್ರವೊಂದಿದೆ, ದಯವಿಟ್ಟು ಸ್ವೀಕರಿಸಬೇಕು.