ಯೂರೋಪಿನವರಿಗೆ ಸಿಕ್ಕ ಬಟನ್ ನಮಗೂ ಕೊಡಿಸಿ, ಮೇಡಂ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರ.

ತೆರಿಗೆ ಬಗ್ಗೆ ನಿಮಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನದು ನಿಮ್ಮ ಇನ್ನೊಂದು ಖಾತೆಯ ವಿಷಯ, ಕಾರ್ಪೊರೇಟ್ ವ್ಯವಹಾರಗಳದ್ದು: ಕಂಪ್ಯೂಟರ್, ಫೋನ್‌ಗಳಲ್ಲಿ ಕಂಪನಿಗಳು ಮೊದಲೇ ಹಾಕಿ ಕಳಿಸುವ, ನಾವು ತೆಗೆಯಲಾಗದ ಆ್ಯಪ್‌ಗಳ ಬಗ್ಗೆ. ದೊಡ್ಡ ಕಂಪನಿಗಳು ಮಾರುಕಟ್ಟೆಯಲ್ಲಿ ಅನ್ಯಾಯ ಮಾಡದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ, ಅಂದರೆ ಸಿಸಿಐ, ಬರುವುದು ಆ ಖಾತೆಯಡಿಯಲ್ಲೇ. ರಾಜ್ಯಸಭೆಯಲ್ಲಿ ನೀವು ಕರ್ನಾಟಕದ ಸದಸ್ಯೆ, ಹಾಗಾಗಿ ಕನ್ನಡದಲ್ಲೇ ಬರೆಯುವ ಸಲಿಗೆ ತೆಗೆದುಕೊಂಡಿದ್ದೇನೆ.

ಮಗಳು ಡಿಗ್ರಿಗೆ ಸೇರಿದಾಗ ಒಂದು ಲ್ಯಾಪ್‌ಟಾಪ್ ಕೊಂಡೆವು. ಮನೆಗೆ ತಂದು ಆನ್ ಮಾಡಿದರೆ ನಮಗಿಂತ ಮೊದಲೇ ಯಾರ್‍ಯಾರೋ ಅದರೊಳಗೆ ಬಿಡಾರ ಹೂಡಿದ್ದರು. ನಾವು ಕೇಳದ ಗೇಮ್‌ಗಳು, ನಾವು ಕೇಳದ ಆಂಟಿವೈರಸ್. ಅದರ ಫ್ರೀ ಟ್ರಯಲ್ ಮುಗಿದಿದ್ದೇ ತಡ, ದಿನಾ ಕೆಂಪು ಅಕ್ಷರದಲ್ಲಿ ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಅಂತ ಹೆದರಿಸಲು ಶುರು. ನನ್ನ ಹೆಂಡತಿ ಗಾಬರಿಯಾಗಿ ಕಾರ್ಡ್ ನಂಬರ್ ಹಾಕುವುದರಲ್ಲಿದ್ದಳು. ಅಂಗಡಿಯವರನ್ನು ಕೇಳಿದರೆ, "ಕಂಪನಿಯಿಂದಲೇ ಹಂಗೆ ಬರುತ್ತೆ ಸಾರ್, ನಾವೇನ್ ಮಾಡೋಣ" ಅಂದರು.

ಅದನ್ನಾದರೂ ತೆಗೆದುಹಾಕಬಹುದಿತ್ತು, ತೆಗೆದುಹಾಕಿದೆ. ಆದರೆ ಕಂಪ್ಯೂಟರನ್ನೇ ನಡೆಸುವ ಮೂಲ ಸಾಫ್ಟ್‌ವೇರ್, ಅಂದರೆ ಆಪರೇಟಿಂಗ್ ಸಿಸ್ಟಮ್, ಮಾಡುವವರೇ ಅಂಟಿಸಿ ಕಳಿಸಿದ್ದರೆ? ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 11ರ ಜೊತೆ ಬರುವ ಎಡ್ಜ್ ಬ್ರೌಸರ್ ವಿಷಯ ನೋಡಿ. ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಇರುವವರು ಅದನ್ನು ಅನ್‌ಇನ್‌ಸ್ಟಾಲ್ ಮಾಡಬಹುದು. ನಮಗೆ ಆ ಬಟನ್ ಕೊಟ್ಟಿಲ್ಲ. ತಾಂತ್ರಿಕವಾಗಿ ಆಗಲ್ಲ ಅನ್ನುವ ಹಾಗೂ ಇಲ್ಲ, ಅದೇ ವಿಂಡೋಸ್ ಅಲ್ವಾ? ಅಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಎಂಬ ಕಾನೂನು ಇದೆ, 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳು ಅದನ್ನು ಪಾಲಿಸಲೇಬೇಕು. ಇಲ್ಲಿ ಇಲ್ಲ. ವ್ಯತ್ಯಾಸ ಇಷ್ಟೇ.

ದಂಡ ಹಾಕಿದರೆ ಸಾಕು ಅಂತಲೂ ನಾನು ಹೇಳುತ್ತಿಲ್ಲ. ಯೂರೋಪೇ ಈ ವಿಷಯದಲ್ಲಿ ಎರಡು ಸಲ ಎಡವಿದೆ. 2004ರಲ್ಲಿ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸ್ ಕೂಡ ಮಾರಬೇಕು ಎಂದರು. ಕಂಪನಿ ಮಾರಿತು, ಆದರೆ ಬೆಲೆ ಮಾತ್ರ ಪ್ಲೇಯರ್ ಇರುವುದಕ್ಕೆ ಎಷ್ಟೋ ಇದಕ್ಕೂ ಅಷ್ಟೇ! ಸಾಂಬಾರ್ ಇಲ್ಲದ ಇಡ್ಲಿಗೂ ಅದೇ ರೇಟು ಅಂದರೆ ಯಾರು ತಗೋತಾರೆ? ಅದನ್ನು ಕೇಳುವವರೇ ಇರಲಿಲ್ಲ. ಆಮೇಲೆ 2010ರಲ್ಲಿ, ಯಾವ ಬ್ರೌಸರ್ ಬೇಕು ಎಂದು ಬಳಸುವವರನ್ನೇ ಕೇಳುವ ಪರದೆ ಬಂತು. ಒಳ್ಳೆಯ ಉಪಾಯವೇ. ಆದರೆ 2011ರ ಮೇ ತಿಂಗಳಿಂದ 2012ರ ಜುಲೈವರೆಗೆ ಸುಮಾರು ಒಂದೂವರೆ ಕೋಟಿ ಜನರಿಗೆ ಆ ಪರದೆ ಕಾಣಿಸಲೇ ಇಲ್ಲ, ತಾಂತ್ರಿಕ ತಪ್ಪು ಎಂದು ಕಂಪನಿ ಹೇಳಿತು, 2013ರಲ್ಲಿ ಮತ್ತೆ 56.1 ಕೋಟಿ ಯೂರೋ ದಂಡ ಬಿತ್ತು. ಹದಿನಾಲ್ಕು ತಿಂಗಳು ಮೇಡಂ! ಆದೇಶ ಹೊರಡಿಸಿದವರೇ ಒಂದು ಹೊಸ ಕಂಪ್ಯೂಟರ್ ತಂದು ಆನ್ ಮಾಡಿ ನೋಡಿದ್ದರೆ ಆಗುತ್ತಿತ್ತು.

ನಮ್ಮಲ್ಲಿಯ ಕಥೆ ಇನ್ನೂ ನಿಧಾನ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಗೂಗಲ್ ಆ್ಯಪ್‌ಗಳನ್ನು ಗಂಟುಹಾಕಿ ಕೊಡುವ ಬಗ್ಗೆ ಸಿಸಿಐ 2019ರಲ್ಲಿ ತನಿಖೆಗೆ ಆದೇಶಿಸಿತು. 1,337.76 ಕೋಟಿ ರೂಪಾಯಿ ದಂಡ ಬಿದ್ದದ್ದು 2022ರ ಅಕ್ಟೋಬರ್‌ನಲ್ಲಿ. ಮೊದಲೇ ಹಾಕಿಟ್ಟ ಆ್ಯಪ್ ತೆಗೆಯಲು ಜನರಿಗೆ ಅಡ್ಡಿ ಮಾಡಬಾರದು ಎಂಬ ಮಾತೂ ಆ ಆದೇಶದಲ್ಲಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ ಆ ಮಾತನ್ನೇ ಕೈಬಿಟ್ಟಿತು. ದಂಡದ ದುಡ್ಡಿನಿಂದ ನನ್ನ ಫೋನಿಗೆ ಏನಾಗಬೇಕು ಹೇಳಿ, ನನಗೆ ಬೇಕಿದ್ದದ್ದು ಆ ಒಂದು ಸಾಲು.

ವಿಂಡೋಸ್ ಜೊತೆ ಬರುವ ಡಿಫೆಂಡರ್ ಆಂಟಿವೈರಸ್ ಮೇಲಿನ ದೂರನ್ನು ಸಿಸಿಐ 2025ರಲ್ಲಿ ವಜಾ ಮಾಡಿತು. ಬೇಕಾದವರು ಬೇರೆಯದನ್ನು ಹಾಕಿಕೊಳ್ಳಬಹುದಲ್ಲ ಎನ್ನುವುದು ಅದರ ವಾದ. ಡಿಫೆಂಡರ್ ಮಟ್ಟಿಗೆ ನನಗೂ ಸರಿ ಅನ್ನಿಸುತ್ತದೆ. ಕಂಪ್ಯೂಟರ್‌ಗೆ ರಕ್ಷಣೆ ಪುಕ್ಕಟೆ ಸಿಕ್ಕರೆ ಯಾರು ಬೇಡ ಅಂತಾರೆ? ಆದರೆ ಇದೇ ಮಾತನ್ನು ಬ್ರೌಸರ್‌ಗೋ ಸರ್ಚ್‌ಗೋ ಹೇಳಿದರೆ ಒಪ್ಪಲು ಕಷ್ಟ. ಎದುರಿಗೆ ಇರುವುದನ್ನೇ ಜನ ಒತ್ತುತ್ತಾರೆ. ನಮ್ಮಮ್ಮನಿಗೆ ಇಂಟರ್‌ನೆಟ್ ಅಂದರೆ ಫೋನಿನ ಮೊದಲ ಪರದೆಯಲ್ಲಿ ಇರುವ ಆ ಗುರುತು, ಅಷ್ಟೇ.

2024ರ ಮಾರ್ಚ್‌ನಲ್ಲಿ ನಿಮ್ಮ ಸಚಿವಾಲಯವೇ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. ಆಪರೇಟಿಂಗ್ ಸಿಸ್ಟಮ್, ಬ್ರೌಸರ್ ಎರಡೂ ಅದರಲ್ಲಿದ್ದವು. ಹೀಗೆ ಗಂಟುಹಾಕಿ ಕೊಡುವುದಕ್ಕೆ ಮೊದಲೇ ತಡೆ ಹಾಕುವ ನಿಯಮವೂ ಇತ್ತು. ಆಮೇಲೆ ವಿರೋಧ ಬಂತು. ಕಂಪನಿಯೊಂದು ಕಾನೂನಿನಡಿ ಬರಲು ಇಟ್ಟ ಒಂದು ಕೋಟಿ ಬಳಕೆದಾರರು ಎಂಬ ಮಿತಿ ಈ ದೇಶದಲ್ಲಿ ತೀರಾ ಕಡಿಮೆ, ಬೆಳೆಯುತ್ತಿರುವ ನಮ್ಮ ಕಂಪನಿಗಳೂ ಸಿಕ್ಕಿಬೀಳುತ್ತವೆ ಎಂದರು. ಅದು ಸುಮ್ನೆ ಎದ್ದ ತಕರಾರು ಅಲ್ಲ, ಒಪ್ಪುತ್ತೇನೆ. ಹಾಗಿದ್ದರೆ ಮಿತಿ ಏರಿಸಿ. ಅಥವಾ ಉಳಿದದ್ದೆಲ್ಲ ಪಕ್ಕಕ್ಕಿಟ್ಟು ಆಪರೇಟಿಂಗ್ ಸಿಸ್ಟಮ್‌ಗಷ್ಟೇ ಒಂದು ಚಿಕ್ಕ ಕಾನೂನು ತನ್ನಿ. ಕಂಪ್ಯೂಟರ್ ನಡೆಯಲು ಬೇಕೇಬೇಕಾದದ್ದು ಬಿಟ್ಟು ಉಳಿದದ್ದನ್ನೆಲ್ಲ ಕೊಂಡವರು ತೆಗೆದುಹಾಕುವ ಹಾಗಿರಬೇಕು. ಮೊದಲ ಸಲ ಆನ್ ಮಾಡಿದಾಗ ಬ್ರೌಸರ್ ಯಾವುದು ಬೇಕು ಎಂದು ಕೇಳಬೇಕು, ಕನ್ನಡದಲ್ಲೂ ಕೇಳಬೇಕು. ಅಪ್‌ಡೇಟ್ ಬಂದ ಮೇಲೆ ಆ ಆಯ್ಕೆ ತಾನಾಗಿ ಬದಲಾಗಬಾರದು. ಮತ್ತೆ ಸಿಸಿಐನವರು ಮೂರು ತಿಂಗಳಿಗೊಮ್ಮೆ ಅಂಗಡಿಗೆ ಹೋಗಿ, ಹೊಸ ಲ್ಯಾಪ್‌ಟಾಪ್ ಒಂದನ್ನು ಆನ್ ಮಾಡಿ ನೋಡಬೇಕು.

ಆ ಮಸೂದೆ ಈಗ ಯಾವ ಫೈಲಿನಲ್ಲಿದೆ, ಅದನ್ನು ಸಂಸತ್ತಿಗೆ ತರುವ ಯೋಚನೆ ಇದೆಯೋ ಇಲ್ಲವೋ, ಇದ್ದರೆ ಯಾವ ಅಧಿವೇಶನಕ್ಕೆ? ಇಷ್ಟಕ್ಕೆ ಉತ್ತರ ಕೊಡಿ. ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತದೆ.

ಇಂತಿ,
ದಾವಣಗೆರೆಯಿಂದ ಒಬ್ಬ ತಂದೆ