ಸಕ್ಕರೆ ಕಾಯಿಲೆ ಇರುವವರ ಗಮನಕ್ಕೆ: ಕೌನ್ಸೆಲಿಂಗ್ ತಪ್ಪಿಸಬೇಡಿ

ಎಲ್ಲರಿಗೂ ನಮಸ್ಕಾರ. ಡಾಕ್ಟರ್ ಚೀಟಿ ಬರೆದ ತಕ್ಷಣ ಎದ್ದು ಬರಬೇಡಿ. ಕೌನ್ಸೆಲಿಂಗ್ ಇದ್ದರೆ ಕೂತು ಮಾತಾಡಿ. ಸುಮ್ನೆ ಉಪದೇಶ ಅಂತ ಬಿಡುವವರೇ ಜಾಸ್ತಿ.

ಇನ್ಸುಲಿನ್ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಿದ್ದರೆ ಚರ್ಮದಡಿ ಗಂಟು ಕಟ್ಟಬಹುದು. ಆಗ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ, ಸಕ್ಕರೆ ಏರುಪೇರಾಗುತ್ತದೆ. ಇದನ್ನು ಮುಟ್ಟಿ ನೋಡಿ ಹೇಳುವವರು ಬೇಕಲ್ವಾ? ರಾತ್ರಿ ಸಕ್ಕರೆ ಇಳಿದೀತು ಎಂಬ ಭಯಕ್ಕೆ ನಿದ್ದೆಗೆಡುವವರೂ ಇದ್ದಾರೆ. ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್ ತಗೊಳ್ಳಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇಷ್ಟು ಗೊತ್ತಿದ್ದರೆ ಎಷ್ಟೋ ಧೈರ್ಯ.

ಎಚ್‌ಬಿಎ1ಸಿ ಪರೀಕ್ಷೆ ರಕ್ತದ ಸಕ್ಕರೆಯ 2-3 ತಿಂಗಳ ಸರಾಸರಿ ಹೇಳುತ್ತದೆ, ಮನಸ್ಸಿನ ಬೇಸರ ಹೇಳುವುದಿಲ್ಲ. ಅದನ್ನು ನೀವೇ ಬಾಯಿಬಿಟ್ಟು ಹೇಳಿ. ಮನೆಯವರೊಬ್ಬರನ್ನೂ ಕರೆದುಕೊಂಡು ಹೋಗಿ.

ಡೋಸ್ ಬದಲಿಸುವ ಬಗ್ಗೆ ಇಲ್ಲಿ ಕೇಳಬೇಡಿ, ಡಾಕ್ಟರನ್ನೇ ಕೇಳಿ.